ಬೇವಿನ ರಸದ ತಂಬಿಗೆ

ತಾಂಡೂರಿಗೆ ಬಂದ ಮೊದಲ ದಿನ ಮಲಗಿ ಮೇಲೆ ನೋಡಿದೆ. ಮಾಳಿಗೆಗೂ ಕಲ್ಲು ಚಪ್ಪಡಿ. ನಮ್ಮ ಗದಗಿನಲ್ಲಿ ಕಲ್ಲನ್ನು ಕಾಲ ಕೆಳಗೆ ಹಾಸುತ್ತೇವೆ, ತಲೆಯ ಮೇಲೆ ಮಣ್ಣಿನ ಮಾಳಿಗೆ ಇರುತ್ತದೆ. ಇಲ್ಲಿ ಕಲ್ಲಿನ ಗಣಿ ಊರ ಪಕ್ಕದಲ್ಲೇ. ನನ್ನ ಯಜಮಾನರು ಆ ಗಣಿಯಲ್ಲಿ ಗುಮಾಸ್ತರು, ಬೆಳಗಾದರೆ ಹೊರಟುಬಿಡುತ್ತಿದ್ದರು. ಕಲ್ಲಿನ ಕೆಳಗೆ ನಾನು ಮತ್ತು ಒಂದು ವರ್ಷದ ಮಗಳು ಗೌರಿ.

ಗದಗಿನಲ್ಲಿ ಕನ್ನಡವೊಂದರಲ್ಲೇ ಹುಟ್ಟಿ ಸಾಯಬಹುದು. ಇಲ್ಲಿ ಸಂತೆಗೆ ತೆಲುಗು, ದಫ್ತರಿಗೆ ಉರ್ದು, ಮನೆಯೊಳಗೆ ಮಾತ್ರ ಕನ್ನಡ, ಅದೂ ಬೇರೆ ಧಾಟಿಯದು. ನಮ್ಮ ಬಾಡಿಗೆ ಮನೆಯ ಒಡತಿ ಶಂಕ್ರಮ್ಮ ಮೂರನ್ನೂ ಎಲೆ ಅಡಿಕೆ ಅಗಿದಂತೆ ಆಡುತ್ತಿದ್ದಳು. ಪುಂಡಿ ಪಲ್ಯ ಕೊಟ್ಟಳು, ಸಂತೆಗೆ ಕರೆದೊಯ್ದಳು. ನಾನು ಅವಳನ್ನು ತಾಯಿಯಂತೆ ನಂಬಿದೆ.

ಆ ಚಳಿಗಾಲ ಸಿಡುಬು ಬಂತು. ಅದಕ್ಕೆ ಲಸಿಕೆ ಹಾಕಿಸುವುದನ್ನು ನಮ್ಮ ಕಡೆ ದೇವಿ ಹಾಕಿಸುವುದು ಅಂದರೆ ಇಲ್ಲಿ ಟೀಕಾ ಅನ್ನುತ್ತಾರೆ. ಗದಗಿನಲ್ಲಿ ಹಾಕುವವರೇ ಮನೆ ಮನೆಗೆ ಬರುತ್ತಿದ್ದರು, ಮದ್ದು ಒಣಗುವ ತನಕ ಅವ್ವ ಕೂಸಿನ ಕೈ ಹಿಡಿದು ಕೂಡುತ್ತಿದ್ದಳು. ಇಲ್ಲಿ ಸರ್ಕಾರಿ ದವಾಖಾನೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಉರ್ದು ಬಾರದ ನನಗೆ ಶಂಕ್ರಮ್ಮನೇ ಜೊತೆ. ಟೀಕಾ ಹಾಕುವ ಸಾಹೇಬರು ಗೌರಿಯ ತೋಳು ಗೀರಿ ಮದ್ದು ಹಚ್ಚಿದರು. ಕೂಸು ಚೀರಾಡಿತು, ನನಗೂ ಬಾಯಿ ಒಣಗಿತ್ತು.

"ಕೂಸಿನ ಇತ್ತ ಕೊಡು ತಂಗಿ, ನೀ ನೀರು ಕುಡದು ಬಾ," ಅಂದಳು ಶಂಕ್ರಮ್ಮ.

ನೀರು ಕುಡಿದು ಬಂದರೆ ಅವಳಿಲ್ಲ. ದವಾಖಾನೆಯ ಹಿಂದೆ ಹೋಗಿ ನೋಡಿದೆ. ಐದಾರು ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ನಡುವೆ ಶಂಕ್ರಮ್ಮ ಬೇವಿನ ರಸದ ತಂಬಿಗೆ ಇಟ್ಟುಕೊಂಡು ಒಂದೊಂದೇ ತೋಳು ತೊಳೆಯುತ್ತಿದ್ದಳು. ಸರ್ಕಾರದ ಮುಂದೆ ಟೀಕಾ, ಗೋಡೆಯ ಹಿಂದೆ ಬೇವು: ಇದು ಇಲ್ಲಿಯ ರೂಢಿಯಂತೆ. ಗೌರಿಯ ತೋಳು ಆಗಲೇ ಹಸಿರಾಗಿತ್ತು.

"ಸಿಡುಬಿನ ಅಮ್ಮ ಬರೂ ದಾರಿ ಕಟ್ಟಬಾರ್ದವ್ವಾ, ಸಿಟ್ಟಾಗ್ತಾಳ. ಅದಕ್ಕ ತೊಳದೀನಿ," ಅಂದಳು, ಉಪಕಾರ ಮಾಡಿದವಳ ಹಾಗೆ.

ಕೂಸನ್ನು ಕಸಿದುಕೊಂಡು ಮತ್ತೆ ಸಾಲಿಗೆ ಓಡಿದೆ. ಸಾಹೇಬರಿಗೆ ಹೇಗೆ ಹೇಳಲಿ? ಕನ್ನಡದಲ್ಲಿ ಕೂಗಿದೆ, ಕೈ ಸನ್ನೆ ಮಾಡಿದೆ. ಅವರು ತೋಳಿನ ಗೀರು ನೋಡಿ "ಹೋಗಯಾ, ಜಾವ್," ಅಂದರು. ಆಯಿತಲ್ಲ, ಹೋಗು ಎಂದು. ಹಿಂದಿನವರು ನನ್ನನ್ನು ಪಕ್ಕಕ್ಕೆ ತಳ್ಳಿದರು. ಮರುದಿನ ಯಜಮಾನರ ಜೊತೆ ಹೋಗುವಷ್ಟರಲ್ಲಿ ಸಾಹೇಬರು ಜಹೀರಾಬಾದಿನ ಕಡೆ ಹೊರಟುಹೋಗಿದ್ದರು.

ಸಿಡುಬು ನಮ್ಮ ಮನೆಗೂ ಬಂತು. ಗೌರಿ ಉಳಿದಳು, ಎಡಗಣ್ಣಿಗೆ ಹೂ ಬಿದ್ದು ಕಾಣದಾಯಿತು.

ಆಮೇಲೆ ನಾನು ಉರ್ದು ಕಲಿತೆ. ಜನ ಹೊಸ ಭಾಷೆಯನ್ನು ಹೊಟ್ಟೆಪಾಡಿಗೆ ಕಲಿಯುತ್ತಾರೆ, ನಾನು ಹಗೆಗೆ ಕಲಿತೆ. ಬಳೆಗಾರ್ತಿಯನ್ನು ಕೂರಿಸಿಕೊಂಡು ಹಲ್ಲು ಕಚ್ಚಿ ಕಲಿತೆ. ಬೇರೆ ಮನೆ ನೋಡೋಣ ಎಂದು ಯಜಮಾನರು ಅಂದರು, ನಾನು ಒಪ್ಪಲಿಲ್ಲ. ಶಂಕ್ರಮ್ಮನ ಬಾಗಿಲಿನ ಮುಂದೆಯೇ ಗೌರಿಯನ್ನು ಆಡಿಸುತ್ತಿದ್ದೆ. ಅವಳು ಮುಖ ತಿರುಗಿಸುತ್ತಿದ್ದಳು.

ಎರಡು ವರ್ಷದ ಮೇಲೆ ಸಿಡುಬು ಮತ್ತೆ ಸುಳಿಯಿತು, ಎಲ್ಲರೂ ಟೀಕಾ ಹಾಕಿಸಬೇಕೆಂದು ಹುಕುಂ ಆಯಿತು. ಶಂಕ್ರಮ್ಮ ಮೊಮ್ಮಗನನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದಳು, ಸೆರಗಿನಡಿ ತಂಬಿಗೆ. ನಾನು ಅವಳ ಹಿಂದೆಯೇ ನಿಂತೆ. ಮೊಮ್ಮಗನಿಗೆ ಮದ್ದು ಹಚ್ಚಿದ್ದೇ ತಡ, ಸಾಹೇಬರಿಗೆ ಹೇಳಿದೆ: "ಪೀಛೆ ಜಾಕೆ ಧೋ ಡಾಲ್ತೀಂ, ಸಾಬ್." ಹಿಂದೆ ಹೋಗಿ ತೊಳೆದುಬಿಡುತ್ತಾರೆ ಎಂದು. ಅವಳ ಸೆರಗಿನಿಂದ ತಂಬಿಗೆ ಎಳೆದು ಎಲ್ಲರ ಮುಂದೆ ನೆಲಕ್ಕೆ ಸುರಿದೆ.

ಸಾಹೇಬರು ಕೆಂಡವಾದರು. ಮದ್ದು ಒಣಗುವ ತನಕ ಏಳಬಾರದೆಂದು ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ, ಹುಡುಗನ ತೋಳು ಬಿಗಿಯಾಗಿ ಹಿಡಿದುಕೊಂಡು. ಊರ ಹೆಂಗಸರೆಲ್ಲ ನೋಡುತ್ತಿದ್ದರು. ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

"ನನ್ನ ಮೊಮ್ಮಗಗ ಏನಾರ ಆದ್ರ ನಿನ್ನ ಬಿಡಾಂಗಿಲ್ಲ," ಅಂದಳು.

"ನನ್ನ ಕೂಸಿಗೆ ಆಗೇದ. ನಾ ನಿಮ್ಮನ್ನ ಬಿಟ್ಟೀನೇನ್ರಿ?" ಅಂದೆ.

ಓಣಿಯಲ್ಲಿ ಮನೆ ಮನೆಗೂ ಸಿಡುಬು ಹೊಕ್ಕಿತು. ಆ ಹುಡುಗನಿಗೆ ಎರಡು ದಿನದ ಜ್ವರ, ತೋಳಿನ ಮೇಲೊಂದು ಹಕ್ಕಳೆ, ಅಷ್ಟೇ. ಶಂಕ್ರಮ್ಮ ಅವನನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದಳು. ಕಣ್ಣು ತುಂಬಿಕೊಂಡಿದ್ದಳು.

"ನನ್ನ ತಪ್ಪಾತು ತಂಗಿ. ನಿನ್ನ ಪುಣ್ಯದಾಗ ಇಂವ ಉಳದಾನ."

"ಪುಣ್ಯಕ್ಕ ಮಾಡಿಲ್ರಿ," ಅಂದೆ. "ದಿನಾ ಇವನ್ನ, ನನ್ನ ಗೌರೀನ ಜೋಡಿ ನಿಂದ್ರಿಸಿ ನೋಡ್ರಿ ಅಂತ ಮಾಡೀನಿ."

ಕಳೆದ ತಿಂಗಳು ಅಪ್ಪ ಗದಗಿನಿಂದ ಬಂದಿದ್ದರು. ಅಲ್ಲೇ ಒಂದು ಅಂಗಡಿಯಲ್ಲಿ ಅಳಿಯನಿಗೆ ಕೆಲಸ ಗೊತ್ತು ಮಾಡಿದ್ದರು. "ಸಾಕು, ಊರಿಗೆ ನಡೀರಿ ಮಗಳ," ಅಂದರು. ಯಜಮಾನರು ಆಗಲೆಂದು ತಲೆಯಾಡಿಸಿದರು. ಅವ್ವನ ಮಗ್ಗುಲಲ್ಲಿ ಮಲಗಬೇಕೆಂದು ನನ್ನ ಜೀವವೂ ಹಂಬಲಿಸಿತು. ಆಗ ಹೊರಗೆ ಶಂಕ್ರಮ್ಮನ ಮೊಮ್ಮಗ ಕೂಗಿದ, ಗೌರಿ ಎಡಗಡೆ ಬಾಗಿಲಿಗೆ ತಾಕಿಕೊಂಡು ಹೊರಗೆ ಓಡಿದಳು. ಶಂಕ್ರಮ್ಮ ಕಟ್ಟೆಯ ಮೇಲೆ ಕುಳಿತು ಇಬ್ಬರನ್ನೂ ನೋಡತೊಡಗಿದಳು.

"ಮುಂದಿನ ವರ್ಷ ನೋಡೂಣಪ್ಪಾ," ಅಂದೆ. ಗದಗಿನಲ್ಲಿ ನನ್ನವರೆಲ್ಲ ಇದ್ದಾರೆ. ಇಲ್ಲಿ ಅವಳಿದ್ದಾಳೆ.