ಚಿಗವ್ವನ ವಖಾರಕೇರಿ

ಅಣ್ಣಿಗೇರಿಯ ಪೇಟೆಯಲ್ಲಿ ನಾನು ಕಿರಾಣಿ ಕೊಳ್ಳುವ ಅಂಗಡಿಯವನು ಮೊನ್ನೆ ಹೊಸ ಮಾಲಿನ ಚೀಲವೊಂದನ್ನು ಬಿಚ್ಚಿದ. ಹುಳಿ, ಉಪ್ಪು, ಬಿಸಿಲು ಮೂರೂ ಕೂಡಿದಂಥ ವಾಸನೆಯೊಂದು ಎದ್ದು ಬಂತು. ಆಮಸೂಲ, ಸಾರಿಗೆ ಹಾಕುವ ಒಣ ಹುಳಿಸಿಪ್ಪೆ. ಕರಾವಳಿಯ ಮಂದಿ ಅದಕ್ಕೆ ಮುರುಗಲ ಸಿಪ್ಪೆ ಎನ್ನುತ್ತಾರೆ. ಸಕ್ಕರೆ ತರಲು ಹೋದ ನಾನು ಸಕ್ಕರೆ ಮರೆತು ಕಾಲು ಕಿಲೋ ಆಮಸೂಲ ಕಟ್ಟಿಸಿಕೊಂಡು ಮನೆಗೆ ಬಂದೆ. ಹೆಂಡತಿ ಪೊಟ್ಟಣ ಬಿಚ್ಚಿ ನೋಡಿ ಒಳಗಿಟ್ಟಳು. ನಿವೃತ್ತ ಮಾಸ್ತರನಿಂದ ಹೆಚ್ಚಿನದನ್ನು ನಿರೀಕ್ಷಿಸುವುದನ್ನು ಆಕೆ ಬಿಟ್ಟು ಬಹಳ ದಿನವಾಗಿದೆ.

ಆ ವಾಸನೆಯನ್ನು ನಮ್ಮ ಮನೆಗೆ ತಂದವಳು ಚಿಗವ್ವ. ಅಂದರೆ ನನ್ನ ಕಾಕಾನ ಹೆಂಡತಿ, ಕಮಲವ್ವ. ನಮ್ಮ ಓಣಿಯ ಸೊಸೆಯರೆಲ್ಲ ಹತ್ತಿಪ್ಪತ್ತು ಮೈಲಿಯ ಸುತ್ತಿನಿಂದ ಬಂದವರು, ನವಲಗುಂದ, ಗದಗ, ಬಹಳವಾದರೆ ಕುಂದಗೋಳ. ಚಿಗವ್ವ ಒಬ್ಬಳೇ ಸಮುದ್ರದ ದಂಡೆಯಿಂದ ಬಂದವಳು. ಅವಳ ಹಿರಿಯರು ಮೂಲತಃ ನಮ್ಮ ಬಯಲುಸೀಮೆಯವರೇ, ಕುಬಿಹಾಳದವರು. ಅಜ್ಜನ ಕಾಲಕ್ಕೆ ಕುಮಟೆಗೆ ಇಳಿದು ಅಲ್ಲಿಯೇ ನಿಂತಿದ್ದರು. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರಿಂದ ಮದುವೆ ಕುಬಿಹಾಳದಲ್ಲಿ, ಅವಳ ದೊಡ್ಡಪ್ಪನ ಮನೆಯಲ್ಲಿ ಆಯಿತು. ಹೀಗಾಗಿ ನಮ್ಮವರು ಯಾರೂ ಅವಳ ಕುಮಟೆಯನ್ನು ನೋಡಿರಲಿಲ್ಲ.

ನೋಡದಿದ್ದರೇನು, ಕೇಳಿದ್ದೆವು. ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ ಚಿಗವ್ವ ತನ್ನ ಕೇರಿಯನ್ನು ನಮಗೆ ಓಡಾಡಿಸಿ ತೋರಿಸುತ್ತಿದ್ದಳು. ಕೇರಿಯ ಹೆಸರು ವಖಾರಕೇರಿ. ತುದಿಯಲ್ಲಿ ಚಿರೇಕಲ್ಲಿನ ದೊಡ್ಡ ವಖಾರ, ಅಂದರೆ ಮಾಲು ಇಡುವ ಉಗ್ರಾಣ, ಒಂದು ಕಾಲಕ್ಕೆ ಹತ್ತಿ ಬಿಗಿದ ಅಂಡಿಗೆಗಳು ಅದರ ಮಾಡಿನ ತನಕ ಏರುತ್ತಿದ್ದವಂತೆ. ವಖಾರದ ಎದುರಿಗೆ ಒಂದು ಕಲ್ಲಿನ ಕಟ್ಟೆ, ಘಟ್ಟದವರ ಕಟ್ಟೆ. ನಮ್ಮ ಕಡೆಯ ಬಂಡಿಗಳು ಇಳಿದು ಬಂದರೆ ಎತ್ತು ಬಿಚ್ಚುವುದು ಅಲ್ಲಿಯೇ. ಅದರ ಬಾಜು ಸಿಹಿಬಾವಿ. ಉಪ್ಪುನೀರಿನ ಕೋಡಿ ಹತ್ತು ಮಾರು ದೂರದಲ್ಲಿದ್ದರೂ ಈ ಬಾವಿಯ ನೀರು ಸಿಹಿ. ಅಲ್ಲಿಂದ ನಾಲ್ಕು ಹೆಜ್ಜೆಗೆ ಮಹಡಿ ಮನೆ. ನೀಲಿ ಕಿಟಕಿ, ಮರದ ಏಣಿಮೆಟ್ಟಿಲು, ಮೇಲೆ ನಿಂತರೆ ಕಾಣುವ ಸಮುದ್ರ.

ನಾನು ಆಗಷ್ಟೇ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಇತಿಹಾಸದ ಮಾಸ್ತರರಲ್ಲಿ ಎರಡು ಬಗೆ ಎಂದು ನನ್ನ ಅನುಭವ. ಪಾಠ ಮಾಡಿ ಮನೆಗೆ ಹೋಗುವವರು ಒಂದು ಬಗೆ, ಇವರು ಸುಖಿಗಳು. ಎರಡನೆಯವರು ನೋಟುಬುಕ್ಕು ಇಟ್ಟುಕೊಳ್ಳುವವರು. ನಾನು ಎರಡನೆಯ ಬಗೆ. ನಮ್ಮೂರಿನಲ್ಲೇ ಕರಿಕಲ್ಲಿನ ಹಳೆಯ ಗುಡಿಯಿದೆ, ಎಲ್ಲೆಲ್ಲಿಂದಲೋ ಬಂದು ಅದರ ಕಂಬಗಳನ್ನು ಸವರಿ ನೋಡಿ ಹೋಗುತ್ತಾರೆ. ಅದರ ಮುಂದೆ ದಿನಾ ಸೈಕಲ್ಲಿನಲ್ಲಿ ಹಾಯ್ದು ಹೋಗುತ್ತಿದ್ದ ನಾನು ಬರೆದುಕೊಳ್ಳುತ್ತಿದ್ದದ್ದು ಮಾತ್ರ ಕಣ್ಣಿಂದ ಕಾಣದ ಒಂದು ಕೇರಿಯ ಇತಿಹಾಸ.

ಅದಕ್ಕೆ ಕಾರಣವೂ ಇತ್ತೆನ್ನಿ. ನಮ್ಮ ಎರಿ ಹೊಲದಲ್ಲಿ ಹಿಂದೆ ಬೆಳೆಯುತ್ತಿದ್ದ ಹತ್ತಿಗೆ ವ್ಯಾಪಾರಿಗಳು ಕುಮಟಾ ಹತ್ತಿ ಎನ್ನುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆಳೆಯುವುದು ಇಲ್ಲಿ, ಹಡಗು ಹತ್ತುವುದು ಅಲ್ಲಿ, ಹೆಸರು ಹಡಗು ಹತ್ತಿಸಿದ ಊರಿಗೆ. ರೈಲು ಬಂದ ಮೇಲೆ ಆ ಬಂದರಿಗೆ ಕೆಲಸ ಕಡಿಮೆಯಾಯಿತು, ಹೆಸರು ಉಳಿಯಿತು. ಇಂಥ ಕೇರಿಯ ಮಗಳು ನಮ್ಮ ಅಡುಗೆಮನೆಯಲ್ಲೇ ಕೂತಿರುವಾಗ ಬರೆಯದೆ ಇರುವುದು ಹೇಗೆ?

“ಚಿಗವ್ವ, ನಿಮ್ಮ ಅಜ್ಜ ಅಲ್ಲಿಗೆ ಯಾಕ ಹೋದ್ರು?” ಎಂದು ಕೇಳಿದೆ.

“ಹತ್ತಿ ತಗೊಂಡು ಹೋದ್ರಪಾ. ಹೊಳ್ಳಿ ಬರಲಿಲ್ಲ,” ಎಂದಳು.

ಹತ್ತಿ ತೆಗೆದುಕೊಂಡು ಹೋದರು ಎಂದರೆ ನಾನು ಹತ್ತಿ ವ್ಯಾಪಾರಿ ಎಂದು ಬರೆದುಕೊಂಡೆ. ವ್ಯಾಪಾರಿ ಎಂದ ಮೇಲೆ ಮಹಡಿ ಮನೆ ಅವರದೇ ಆಗಬೇಕಲ್ಲ? ಅದನ್ನೂ ಬರೆದುಕೊಂಡೆ. ಹುಬ್ಬಳ್ಳಿಯ ಪತ್ರಿಕೆಯೊಂದರ ರವಿವಾರದ ಪುರವಣಿಯಲ್ಲಿ ಅದು ಅಚ್ಚಾಯಿತು. ಓಣಿಯಲ್ಲಿ ನಾನು ಕೆಲವು ದಿನ ಎದೆ ಸೆಟೆಸಿ ನಡೆದೆ. ಚಿಗವ್ವನಿಗೆ ಓದಿ ಹೇಳಿದಾಗ ಆಕೆ ಕೇಳಿಸಿಕೊಂಡು, “ಚೆಂದ ಬರದಿ,” ಎಂದು ಒಲೆಯ ಕಡೆಗೆ ತಿರುಗಿದಳು. ಸಂಕೋಚ ಎಂದುಕೊಂಡೆ.

ಆ ದಿನದಿಂದ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಹೊಸ ಅಸ್ತ್ರ ಸಿಕ್ಕಂತಾಯಿತು. ಮೊದಲೇ ಆಕೆಯ ನಾಲಿಗೆ ಹರಿತ. ಚಿಗವ್ವ ಮಜ್ಜಿಗೆ ಕಡೆಯುವುದು ತಡವಾದರೆ, “ಮಹಡಿ ಮ್ಯಾಲಿಂದ ಇಳಿದು ಬರಬೇಕಲ್ಲ, ತಡಾ ಆಗ್ತದ,” ಎನ್ನುವಳು. ಚಿಗವ್ವ ತುಟಿ ಬಿಚ್ಚುತ್ತಿರಲಿಲ್ಲ. ಮೊದಲಿನಂತೆ ಕೇರಿಯ ಮಾತು ತೆಗೆಯುವುದೂ ಕಡಿಮೆಯಾಯಿತು. ನಾನು ಅದನ್ನು ಗಮನಿಸಲಿಲ್ಲ. ನೋಟುಬುಕ್ಕು ತುಂಬಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಆಯಿ ಗೋಕರ್ಣಕ್ಕೆ ಹೋಗಬೇಕೆಂದಳು. ಬಾಡಿಗೆ ಜೀಪು ಮಾಡಿ ಆಯಿ, ಕಾಕಾ, ಚಿಗವ್ವ, ನಾನು ಹೊರಟೆವು. ದರ್ಶನವಾಯಿತು, ಸಮುದ್ರದಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಆಯಿ ಸ್ನಾನ ಮಾಡಿದಳು. ಸೀರೆ ಹಿಂಡುತ್ತ, “ಕುಮಟೆ ಇಲ್ಲಿಂದ ಎಷ್ಟು ದೂರ?” ಎಂದಳು.

ಹತ್ತಿರವೇ ಇದೆ ಎಂದು ನಾನು ಉತ್ಸಾಹದಿಂದ ಹೇಳಿದೆ. ನನ್ನ ಚೀಲದಲ್ಲಿ ಪುರವಣಿಯ ಒಂದು ಪ್ರತಿಯೂ ಇತ್ತು. ಮಹಡಿ ಮನೆಯಲ್ಲಿ ಈಗ ಯಾರಿದ್ದಾರೋ ಅವರಿಗೆ ಕೊಡಬೇಕೆಂದು ತಂದಿದ್ದೆ.

“ಅಲ್ಲಿ ಈಗ ನಮ್ಮವರು ಯಾರೂ ಇಲ್ರಿ ಅತ್ತಿ,” ಎಂದಳು ಚಿಗವ್ವ. “ಸುಮ್ನ ಯಾಕ? ಬಿಸಲಾದೀತು.”

“ಇಷ್ಟು ದೂರ ಬಂದು ಬೀಗರ ಕಟ್ಟಿ ತುಳೀಲಾರದ ಹೋಗೂದೇನು? ನಡೀರಿ, ಹೋಗೂಣು.”

ಕಾಕಾ ಮಾತಿನವನಲ್ಲ. ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಜೀಪು ಹತ್ತಿದ.

ವಖಾರಕೇರಿ ಚಿಗವ್ವ ಹೇಳಿದ ಹಾಗೆಯೇ ಇತ್ತು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಅವಳು ಒಂದೂ ಸುಳ್ಳು ಹೇಳಿರಲಿಲ್ಲ. ವಖಾರದ ಮಾಡು ಬಿದ್ದಿತ್ತು, ಗೋಡೆಗಳು ನಿಂತಿದ್ದವು. ಘಟ್ಟದವರ ಕಟ್ಟೆಯ ಮೇಲೆ ಯಾರೋ ಬಲೆ ಒಣಗಿಸಿದ್ದರು. ಸಿಹಿಬಾವಿಯ ಕಲ್ಲುಗಳ ಮೇಲೆ ಹಗ್ಗ ಕೊರೆದ ಗೀರುಗಳು ಬೆರಳು ಮುಳುಗುವಷ್ಟು ಆಳವಾಗಿದ್ದವು. ನಾನು ನೀರು ಸೇದಿ ಕುಡಿದೆ, ಸಿಹಿಯಾಗಿಯೇ ಇತ್ತು. ನಾಲ್ಕು ಹೆಜ್ಜೆಗೆ ಮಹಡಿ ಮನೆ. ಕಿಟಕಿಯ ನೀಲಿ ಬಣ್ಣ ಉದುರುತ್ತಿತ್ತು. ಆ ಮನೆಯ ಮುಂಜಗಲಿಯಲ್ಲಿ ವಯಸ್ಸಾದ ಅಮ್ಮನೊಬ್ಬರು ಕಾಲು ಚಾಚಿ ಕೂತಿದ್ದರು.

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದರು. ಚಿಗವ್ವ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

“ಅದು ಯಾರು? ನಮ್ಮ ಘಟ್ಟದವಳ ಮಗಳು ಕಮಲಿ ಅಲ್ಲವೇನೇ?” ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. “ಅಯ್ಯೋ, ಎಷ್ಟು ವರ್ಷವಾಯ್ತೇ! ಹಿತ್ತಲ ಕಡೆಯಿಂದ ಬಾರೇ. ನೀವಿದ್ದ ಕೋಣೆ ಇನ್ನೂ ಹಾಗೇ ಇದೆ. ನಿನ್ನ ಅಮ್ಮ ಹೋದ ಮೇಲೆ ಅಷ್ಟು ಚೆನ್ನಾಗಿ ಪಾತ್ರೆ ತೊಳೆಯುವವಳು ನಮಗೆ ಸಿಗಲೇ ಇಲ್ಲ ನೋಡು.”

ಚಿಗವ್ವನ ಅಜ್ಜ ಹತ್ತಿ ತೆಗೆದುಕೊಂಡು ಹೋದದ್ದು ಬಂಡಿ ಹೊಡೆದುಕೊಂಡು ಎಂಬುದು, ಅಪ್ಪ ವಖಾರದ ಕಾವಲಿಗಿದ್ದ ಎಂಬುದು, ತಾಯಿ ಈ ಮನೆಯ ಕೆಲಸಕ್ಕಿದ್ದಳು ಎಂಬುದು ಆಮೇಲೆ ತಿಳಿದ ಮಾತು. ಆದರೆ ಆ ಗಳಿಗೆಗೆ ತಿಳಿಯಬೇಕಾದಷ್ಟು ತಿಳಿದಿತ್ತು. ಚಿಗವ್ವ ನೆಲ ನೋಡುತ್ತ ನಿಂತಿದ್ದಳು. ನಾನು ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಒಳಗಿನ ಪುರವಣಿ ತಾನಾಗಿ ಎದ್ದು ಬಂದೀತೋ ಎಂಬ ಹಾಗೆ. ಆಯಿ ಈಗ ಏನು ಅನ್ನುತ್ತಾಳೋ ಎಂದು ನನಗೆ ಹೆದರಿಕೆ. ಆಕೆಯ ನಾಲಿಗೆಗೆ ಇದಕ್ಕಿಂತ ದೊಡ್ಡ ಅವಕಾಶ ಇನ್ನೆಂದು ಸಿಗಬೇಕು?

ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಹೋದಳು.

“ನಾ ಈಕಿ ಅತ್ತಿರಿ. ನಮ್ಮ ಬೀಗತಿ ಇದ್ದ ಜಾಗಾ ನೋಡಿ ಹೋಗೂಣಂತ ಬಂದೇವಿ.”

“ಹಾಗಾದರೆ ಹೀಗೆ ಸುತ್ತಿ ಹಿತ್ತಲಿಗೆ...”

“ಸುತ್ತಿ ಯಾಕ್ರಿ? ವಯಸ್ಸಾಗೇದ, ಕಾಲು ನೋಯ್ತಾವು. ಇಲ್ಲಿಂದ ಹಾಯ್ದು ಹೋಗ್ತೇವಿ.”

ಹಾಗೆಂದವಳು ಹಿಂದೆ ತಿರುಗಿ ಚಿಗವ್ವನ ಮುಂಗೈ ಹಿಡಿದಳು. ಚಿಗವ್ವ ಹೊಸ್ತಿಲ ಮುಂದೆ ನಿಂತೇಬಿಟ್ಟಳು. “ನಡಿ ಬೇ,” ಎಂದು ಆಯಿ ಎಳೆದುಕೊಂಡೇ ಒಳಗೆ ನಡೆದಳು. ಮುಂಜಾನೆ ಗೋಕರ್ಣದಲ್ಲಿ ಮೂರು ಕಡೆ ಕೂತು ದಣಿವಾರಿಸಿಕೊಂಡ ಆಯಿಯ ಕಾಲುಗಳು ಆ ಮನೆಯ ಉದ್ದವನ್ನು ಒಂದೇ ಉಸಿರಿಗೆ ದಾಟಿದವು.

ಹಿತ್ತಲಿನ ಕೋಣೆಯಲ್ಲಿ ಈಗ ಕಾಯಿಸಿಪ್ಪೆ ತುಂಬಿಟ್ಟಿದ್ದರು. ಇಬ್ಬರು ಮಲಗಿದರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಕೋಣೆ. ಆಯಿ ಚೌಕಟ್ಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಹೊರಜಗಲಿಗೆ ಬಂದು ಅಮ್ಮನೆದುರು ನಿಂತಳು.

“ನಿಮ್ಮ ಮನ್ಯಾಗ ಬೆಳದ ಮಗಳರಿ. ಮದುವಿ ಆದ ಮ್ಯಾಲ ಈಗ ಬಂದಾಳ. ಬರೀ ಉಡೀಲೆ ಕಳಸಬ್ಯಾಡ್ರಿ.”

ತವರಿಗೆ ಬಂದ ಮಗಳಿಗೆ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ ಸೆರಗಿಗೆ ಹಾಕಿ ಕಳಿಸುವುದು ಎಲ್ಲ ಕಡೆಯೂ ಇರುವ ಪದ್ಧತಿ. ಆದರೆ ಅದನ್ನು ಹೀಗೆ ಕೇಳಿ ಪಡೆಯುವ ಪದ್ಧತಿ ಎಲ್ಲಿಯೂ ಇಲ್ಲ. ಅಮ್ಮ ಆಯಿಯ ಮುಖವನ್ನೇ ನೋಡಿದರು. ಆಯಿಯೂ ನೋಡಿದಳು. ಕಡೆಗೆ ಅಮ್ಮ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. “ಮೊರದಲ್ಲಿ ಅಕ್ಕಿ ತಾರೇ. ಒಂದು ಒಳ್ಳೆ ಕಾಯಿ ನೋಡಿ ತಾ. ಚಾವಡಿಯಲ್ಲಿ ಮಣೆ ಹಾಕು.”

ಮನೆಯ ನಡುಚಾವಡಿಯಲ್ಲಿ, ಮಣೆಯ ಮೇಲೆ ಕೂತು, ಚಿಗವ್ವ ಸೆರಗೊಡ್ಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಬಾಗಿಲ ಹೊರಗೆ ನಿಂತು ಬಾವಿಯ ಕಡೆಗೆ ಮುಖ ಮಾಡಿದ್ದ.

ಜೀಪು ಘಟ್ಟ ಹತ್ತತೊಡಗಿತು. ಆಮೇಲೆ ಚಿಗವ್ವ ಮೆಲ್ಲಗೆ, “ಅತ್ತಿ, ನಾ ಆ ಮನಿ ನಮ್ಮದು ಅಂತ ಒಮ್ಮೆಯೂ ಹೇಳಿಲ್ರಿ,” ಎಂದಳು.

“ನೀ ಎಲ್ಲಿ ಹೇಳಿದಿ? ಬರದಾಂವ ಇಲ್ಲಿ ಕುಂತಾನ ನೋಡು,” ಎಂದು ಆಯಿ ನನ್ನ ಕಡೆ ಗದ್ದ ತೋರಿಸಿದಳು. “ಲೇ ಮಾಸ್ತರ, ಬರಿಯೂದಕ್ಕಿಂತ ಮೊದಲ ಕೈ ನೋಡಬೇಕೋ. ಮದುವಿ ದಿನಾನ ನಾ ಈಕಿ ಕೈ ನೋಡೇನಿ. ಬೂದಿ ಹಚ್ಚಿ ಭಾಂಡಿ ತಿಕ್ಕಿದ ಕೈ. ಮಹಡಿ ಮ್ಯಾಲ ಹುಟ್ಟಿದಾಕಿ ಕೈ ಹಂಗಿರ್ತಾವೇನು?”

“ಮತ್ತ ಇಷ್ಟು ದಿನಾ ಯಾಕ ಚುಚ್ಚಿದಿ ಆಯಿ?”

“ಒಮ್ಮೆ ಸಿಟ್ಟಿಗೆದ್ದು ಖರೇ ಹೇಳಲಿ ಅಂತ. ಎಲ್ಲಿ, ಬಾಯೇ ಬಿಡಲಿಲ್ಲ ಹುಚ್ಚಿ.” ಆಯಿ ಕಿಟಕಿಯ ಕಡೆ ತಿರುಗಿ ನಿದ್ದೆ ಹೋದಳು.

ಇದು ಕರುಣೆಯೋ ಹಟವೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಇಷ್ಟು ಮಾತ್ರ ಗೊತ್ತು. ಮಹಡಿಯ ಮಾತನ್ನು ಆಯಿ ಆಮೇಲೆ ಸಾಯುವ ತನಕ ಎತ್ತಲಿಲ್ಲ. ಮಜ್ಜಿಗೆ ತಡವಾದರೆ ಬೇರೆ ಬೈಗುಳ ಹುಡುಕಿಕೊಂಡಳು. ಪುರವಣಿಗೆ ತಿದ್ದುಪಡಿ ಕಳಿಸಬೇಕೆಂದು ನಾನು ಬಹಳ ದಿನ ಅಂದುಕೊಂಡೆ. ಕಳಿಸಲಿಲ್ಲ. ತಪ್ಪು ಮಾಡುವುದು ಒಂದು ಸಂಜೆಯ ಕೆಲಸ, ಒಪ್ಪಿಕೊಳ್ಳಲು ಮಾಸ್ತರರಿಗೆ ಒಂದು ಜೀವಮಾನ ಬೇಕು.

ಮೊನ್ನೆ ಸಂಜೆ ಚಿಗವ್ವನ ಮನೆಗೆ ಹೋದೆ. ಇದೇ ಓಣಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಇದ್ದಾಳೆ, ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರವಿಲ್ಲ. ಕೇರಿಯ ಇತಿಹಾಸವನ್ನು ಹೊಸದಾಗಿ ಬರೆಯುತ್ತೇನೆ, ಈ ಸಲ ನೀನು ಹೇಳಿದಂತೆ ಬರೆಯುತ್ತೇನೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ. ವಖಾರದಿಂದ ಎನ್ನುತ್ತಾಳೆ, ಇಲ್ಲವೆ ಬಾವಿಯಿಂದ ಎನ್ನುತ್ತಾಳೆ ಎಂದುಕೊಂಡಿದ್ದೆ.

“ನಮ್ಮವ್ವನ ಹೆಸರಿನಿಂದ ಶುರು ಮಾಡು,” ಎಂದಳು. “ಆ ಕೇರ್ಯಾಗ ಇಪ್ಪತ್ತು ವರ್ಷ ಬಾಳೇ ಮಾಡಿದಳು. ಎಲ್ಲಾರೂ ಘಟ್ಟದವಳು, ಘಟ್ಟದವಳು ಅಂತಿದ್ರು. ಹೆಸರು ಯಾರಿಗೂ ಬೇಕಾಗಲಿಲ್ಲ. ನೀನೂ ಕೇಳಲಿಲ್ಲ.”

ಹೌದು, ಇಡೀ ನೋಟುಬುಕ್ಕಿನಲ್ಲಿ ನಾನು ಅದೊಂದನ್ನು ಕೇಳಿರಲಿಲ್ಲ.

“ಏನು ಹೆಸರು ಚಿಗವ್ವ?”

“ಫಕೀರವ್ವ.”

ಹಾಳೆಯ ಮೇಲ್ತುದಿಯಲ್ಲಿ ಬರೆದೆ. ಚಿಗವ್ವನಿಗೆ ಓದಲು ಬರುವುದಿಲ್ಲ. ಆದರೂ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹೆಸರು ಎಷ್ಟು ಉದ್ದವಿದೆ ಎಂದು ಬೆರಳಿನಿಂದ ಅಳೆದು ನೋಡಿದಳು.