ಎತ್ತರದ ಗಾಡಿ, ಗಿಡ್ಡ ಗಾಡಿ

ಅವತ್ತು ಬೆಳಿಗ್ಗೆಯೂ ಎಂದಿನಂತೆ ಎದ್ದು, ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ಸ್ನಾನದ ನೀರಿಗೆ ಉರಿ ಹಾಕಲು ಹಿತ್ತಲ ಬಾಗಿಲು ತೆರೆದೆ. ಮಾವನವರ ಬಲಗಾಲು ಗಾಳಿಯಲ್ಲಿತ್ತು. ತುಂಬಿದ ಜೋಳದ ಚೀಲವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಡ್ಡ ಮಲಗಿಸಿ, ಎರಡೂ ಕೈಯಿಂದ ಅದರ ಬಾಯಿಕಟ್ಟು ಹಿಡಿದು, ಕುದುರೆ ಏರುವವರಂತೆ ಕಾಲನ್ನು ಆಚೆ ದಾಟಿಸಲು ನೋಡುತ್ತಿದ್ದರು. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿದ್ದರು. ಕಾಲು ಚೀಲದ ಅರ್ಧದವರೆಗೆ ಏರಿ, ಅಲ್ಲಿ ನಡುಗಿ, ಮತ್ತೆ ಕೆಳಗೆ ಬರುತ್ತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಹೊಲದ ಕರಿಮಣ್ಣು ಗೆರೆ ಎಳೆದಂತೆ ಕೂತಿತ್ತು. ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ನಾನು ಕಲಿತ ಕಾನ್ವೆಂಟಿನಲ್ಲಿ, ಬಾಗಿಲು ತೆರೆದೇ ಇದ್ದರೂ ತಟ್ಟಿ ಒಳಗೆ ಬರಬೇಕೆಂದು ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಹಿಂದೆ ಸರಿದು, ಖಾಲಿ ಕೊಡವನ್ನು ಬೇಕೆಂದೇ ಗೋಡೆಗೆ ತಾಗಿಸಿ ಸದ್ದು ಮಾಡಿ, ಆಮೇಲೆ ಹೊರಗೆ ಬಂದೆ. ಅಷ್ಟರಲ್ಲಿ ಅವರು ಚೀಲದ ಬಾಯಿ ಬಿಚ್ಚಿ ಬಗ್ಗಿ ನೋಡುತ್ತಿದ್ದರು.

"ನುಸಿ ಹತ್ಯಾವೇನಂತ ನೋಡಾಕತ್ತಿದ್ದೆ, ಯವ್ವಾ."

"ಹತ್ಯಾವೇನ್ರಿ?"

"ಇಲ್ಲ. ಜ್ವಾಳ ಗಟ್ಟಿ ಅದಾವ."

ಅವರ ಕಿವಿಗಳು ಕೆಂಪಾಗಿದ್ದವು. ನಾನು ಒಲೆಯ ಕಡೆ ತಿರುಗಿಕೊಂಡೆ. ಆ ದಿನ ನಾವು ವಿಜಾಪುರಕ್ಕೆ ಹೊಸ ಮೋಟಾರ್‌ಸೈಕಲ್ ನೋಡಲು ಹೋಗುವುದಿತ್ತು.

ಮಾವನವರದು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ತೋಟ ತೋಟ ತಿರುಗಿ, ಗಿಡದ ಮೇಲಿನ ಕಾಯಿ ನೋಡಿಯೇ ಇಡೀ ಫಸಲಿಗೆ ಬೆಲೆ ಕಟ್ಟಿ ಹಿಡಿಯುತ್ತಿದ್ದರು. ಸಾಲೋಟಗಿಯ ಕಡೆಗಾಗಲಿ ಚಡಚಣದ ಕಡೆಗಾಗಲಿ, ಅವರ ಹಳೆಯ ಮೋಟಾರ್‌ಸೈಕಲ್ ಹೋಗದ ಬದುವಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಸಂಜೆ ಮನೆಗೆ ಬಂದರೆ ಮೈಯಿಂದ ನಿಂಬೆ ಎಲೆಯ ವಾಸನೆ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಎಲೆಸಮೇತ ಎರಡು ಹಣ್ಣು ಇಟ್ಟು, ಕೈಕಾಲು ತೊಳೆಯಲು ಹೋಗುವರು. ಕೊಳ್ಳಲು ಬಂದವರು ಯಾರಾದರೂ ಹಣ್ಣನ್ನು ಹೆಬ್ಬೆರಳಿನಿಂದ ಅದುಮಿ ನೋಡಿದರೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲ. "ಒತ್ತಬ್ಯಾಡ್ರೀ. ಈಗೇನೂ ಕಾಣಂಗಿಲ್ಲ, ನಾಳಿಗೆ ಅಲ್ಲೇ ಕರೀ ಬೀಳತೈತಿ."

ನನ್ನನ್ನೂ ಅವರು ಎಂದೂ ಒತ್ತಿ ನೋಡಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರ ಕಡೆಯ ಚಡಚಣದ ಬೀಗರು ಊಟಕ್ಕೆ ಬಂದಿದ್ದರು. ಕಾನ್ವೆಂಟಿನಲ್ಲಿ ಕಸೂತಿ, ಪಿಯಾನೊ ಎಲ್ಲ ಕಲಿತಿದ್ದ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಂಚಿನಿಂದ ಎತ್ತಿದ ರೊಟ್ಟಿಗಳೆಲ್ಲ ತಾಟಿನಲ್ಲಿ ಚೂರುಚೂರಾಗಿ ಬಿದ್ದವು. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಾವನವರು ತಾಟನ್ನು ತಮ್ಮ ಕಡೆ ಎಳೆದುಕೊಂಡು, "ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಪ್ಪು ತಾ ಯವ್ವಾ. ಇವತ್ತ ಮುಟಗಿ ಮಾಡಂತ ನಾನ ಹೇಳಿದ್ದೆ," ಅಂದರು. ಬಿಸಿ ರೊಟ್ಟಿಯ ಚೂರನ್ನು ಬೆಳ್ಳುಳ್ಳಿ ಮೆಣಸಿನಕಾಯಿಯ ಜೊತೆ ತಾವೇ ನುರಿದು, ಎಣ್ಣೆ ಹಾಕಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ ಎಲ್ಲರ ತಾಟಿಗೂ ಹಾಕಿದರು. ಬೀಗರು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡರು. ಬಾಗಿಲ ಹಿಂದೆ ನಿಂತು ನಾನು ಅತ್ತದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅದರ ಬಗ್ಗೆ ಮುಂದೆ ಒಂದು ಮಾತನ್ನೂ ಆಡಲಿಲ್ಲ.

ಹಳೆಯ ಗಾಡಿಯ ಎಂಜಿನ್ನು ಹೋದ ಮೇಲೆ ವ್ಯಾಪಾರವನ್ನೂ ಕಡಿಮೆ ಮಾಡಿದ್ದರು. ಆದರೆ ಗಾಡಿಯಿಲ್ಲದೆ ಅವರಿಗೆ ಮನೆ ಕಿರಿದಾಗಿತ್ತು. ದಿನಾ ಓಡಿಸಲು ಅಲ್ಲ. ಎಂದಾದರೊಮ್ಮೆ ಅತ್ತೆಯನ್ನು ಕೂರಿಸಿಕೊಂಡು ಬಸವನ ಬಾಗೇವಾಡಿಗೆ ಹೋಗಿ ಬಸವಣ್ಣನಿಗೆ ಕಾಯಿ ಒಡೆಸುವುದು, ಮುದ್ದೇಬಿಹಾಳದಲ್ಲಿರುವ ತಂಗಿಯನ್ನು ಮಾತಾಡಿಸಿ ಬರುವುದು, ಅಷ್ಟೇ. "ಅಷ್ಟಕ್ಕ ಸ್ಕೂಟರ್ ಸಾಕಲ್ಲಪ್ಪಾ," ಅಂದರು ನಮ್ಮನೆಯವರು. "ಸ್ಕೂಟರ್ ಅಂದ್ರ ಕುರ್ಚಿ ಮ್ಯಾಲೆ ಕುಂತು ಹೋದಂಗ. ಕುರ್ಚಿ ಮನ್ಯಾಗ ಐತೆಲ್ಲ," ಅಂದರು ಮಾವನವರು.

ಸಂಜೆ ಕಟ್ಟೆಯ ಮೇಲೆ ಇದೇ ಚರ್ಚೆ. ಎದುರುಮನೆಯ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಬಂದು ಕೂರುವರು. ಕಾಕಾ ಮೊಬೈಲಿನಲ್ಲಿ ಎರಡು ಗಾಡಿ ತೋರಿಸಿದ್ದರು. ಒಂದು ದೂರದ ಪ್ರವಾಸಕ್ಕೆಂದೇ ಮಾಡಿದ ಟೂರಿಂಗ್ ಗಾಡಿ: ಎತ್ತರ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ, ಎಂಥ ತಗ್ಗಿನಲ್ಲೂ ಕುಕ್ಕುವುದಿಲ್ಲ. ಇನ್ನೊಂದು ಕ್ರೂಸರ್: ಉದ್ದ, ಗಿಡ್ಡ, ಕಾಲು ಮುಂದೆ ಚಾಚಿ ಆರಾಮಾಗಿ ಹೋಗುವಂಥದ್ದು, ತಗ್ಗು ಬಂದರೆ ಸೊಂಟಕ್ಕೆ ಗೊತ್ತಾಗುತ್ತದೆ. "ಕ್ರೂಸರ್ ಅಂದ್ರ ಲಗ್ನಕ್ಕ ಮಂದಿ ತುಂಬಿಕೊಂಡು ಹೋಗೂ ಜೀಪ ಅಲ್ಲೇನು?" ಎಂದು ಅತ್ತೆ ಒಳಗಿನಿಂದ ಕೇಳಿದರು. ಎಂದೋ ಒಮ್ಮೆ ಓಡಿಸುವವನಿಗೆ ಗಿಡ್ಡದೇ ಸಾಕು ಎಂದು ಕಾಕಾ. "ಗಿಡ್ಡದ್ದು ಮುದುಕರಿಗ," ಎಂದು ಮಾವನವರು ಓಣಿಗೆಲ್ಲ ಕೇಳುವಂತೆ ಹೇಳಿಬಿಟ್ಟರು. "ನಾ ಎತ್ತರದ್ದ ತರಾಂವ."

ನಮ್ಮನೆಯವರದು ಔಷಧ ಅಂಗಡಿ. ಮಂಡಿಗೆ, ಸೊಂಟಕ್ಕೆ ಎಂದು ಜನ ಏನೇನು ಕೇಳಿಕೊಂಡು ಬರುತ್ತಾರೆಂದು ದಿನಾ ನೋಡುವವರು. ಒಂದೇ ಷರತ್ತು ಹಾಕಿದರು. "ಅಪ್ಪಾ, ನನ್ನ ಕಣ್ಣ ಮುಂದ ಒಂದ ಸಲ ಹತ್ತಿ ಇಳೀರಿ. ಕಾಲು ಎದ್ದರ ಗಾಡಿ. ಇಲ್ಲಾಂದ್ರ ಗಾಡಿ ಮಾತ ಇಲ್ಲಿಗೆ ಬಿಡ್ರಿ." ಮಾವನವರು ನಕ್ಕರು. ಆ ನಗು ಎಷ್ಟು ಒಣಗಿತ್ತೆಂದು ನನಗೆ ತಿಳಿದದ್ದು ಹಿತ್ತಲಲ್ಲಿ ಜೋಳದ ಚೀಲ ಕಂಡ ಮೇಲೆ.

ಷೋರೂಮಿನಲ್ಲಿ ಎಸಿ ತಣ್ಣಗಿತ್ತು. ಮಾವನವರು ಅಪರೂಪಕ್ಕೆ ಪ್ಯಾಂಟು ಹಾಕಿದ್ದರು. ಇಸ್ತ್ರಿಯ ಗೆರೆ ಮಂಡಿಯ ಹತ್ತಿರ ಎರಡಾಗಿತ್ತು. ನಮ್ಮನೆಯವರು ಕಾರು ನಿಲ್ಲಿಸಿ ಬರುವೆನೆಂದು ಹಿಂದೆ ಉಳಿದಿದ್ದರು. ಮಾರುವವರು ಇನ್ನೊಬ್ಬ ಗಿರಾಕಿಯ ಜೊತೆ ಮಾತಿನಲ್ಲಿದ್ದರು. ಮಗ ಬರುವ ಮುಂಚೆ ಒಮ್ಮೆ ಹತ್ತಿ ನೋಡಿಬಿಡಬೇಕೆಂದು ಇರಬೇಕು, ಮಾವನವರು ನೇರ ಎತ್ತರದ ಗಾಡಿಯ ಹತ್ತಿರ ಹೋಗಿ, ಹ್ಯಾಂಡಲ್ ಹಿಡಿದು ಕಾಲೆತ್ತಿದರು.

ಬೆಳಗಿನ ಚೀಲಕ್ಕಿಂತ ಅದು ಎತ್ತರ. ಕಾಲು ಅರ್ಧಕ್ಕೆ ಹೋಗಿ ಜಾರಿತು. ಜಾರಿದ್ದು ನೆಲಕ್ಕೆ ಬರಲಿಲ್ಲ; ಪೆಟ್ಟಿಗೆ ಕೂಡಿಸಲು ಬದಿಯಲ್ಲಿ ಕೊಟ್ಟಿದ್ದ ಕಬ್ಬಿಣದ ಚೌಕಟ್ಟಿನೊಳಗೆ ಪಾದ ಸಿಕ್ಕಿಕೊಂಡಿತು. ಚಪ್ಪಲಿ ಕಳಚಿ ಕೆಳಗೆ ಬಿತ್ತು. ಅದನ್ನು ಬಿಡಿಸಲು ಕಾಲನ್ನು ಇನ್ನೊಂದು ಗೇಣು ಮೇಲೆ ಎತ್ತಬೇಕು, ಅದೇ ಅವರಿಂದ ಆಗದು. ಒಂಟಿ ಕಾಲಿನ ಮೇಲೆ ನಿಂತು ಗೋಡೆಯ ಕಡೆ ಮುಖ ಮಾಡಿದ್ದರು. ಅಂಗಿಯ ಬೆನ್ನು ಒದ್ದೆಯಾಗುತ್ತಿರುವುದು ನನಗೆ ಕಾಣುತ್ತಿತ್ತು. ಗಾಜಿನ ಬಾಗಿಲಾಚೆ ನಮ್ಮನೆಯವರು ಮೆಟ್ಟಿಲು ಹತ್ತುತ್ತಿದ್ದರು.

ನಮ್ಮ ಮನೆಯಲ್ಲಿ ಸೊಸೆ ಮಾವನನ್ನು ಮುಟ್ಟುವುದಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಅವರ ಕೈಗೆ ನೇರವಾಗಿ ಚಹಾ ಕೊಟ್ಟವಳೂ ಅಲ್ಲ, ಪಕ್ಕದಲ್ಲಿ ಇಟ್ಟು ಸರಿಯುವವಳು. ಮುಟ್ಟಲು ಅವಕಾಶವಿರುವುದು ಒಂದೇ, ಹಬ್ಬದ ದಿನ ನಮಸ್ಕಾರ ಮಾಡುವಾಗ. ಅದು ನೆನಪಾದದ್ದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋಗಿ ಬಗ್ಗಿದೆ. ಎರಡೂ ಕೈಯಿಂದ ಹಿಮ್ಮಡಿ ಹಿಡಿದು, ಮೇಲಕ್ಕೆತ್ತಿ, ಚೌಕಟ್ಟಿನಿಂದ ಬಿಡಿಸಿ, ನಿಧಾನವಾಗಿ ನೆಲಕ್ಕೆ ಇಟ್ಟೆ. ಪಾದ ತಣ್ಣಗಿತ್ತು, ಕಲ್ಲಿನಷ್ಟು ಭಾರ. ತೂಕ ತಪ್ಪಿದ ಅವರು ನನ್ನ ತಲೆಯ ಮೇಲೆ ಕೈಯೂರಿದರು. ಅವರ ಪೂರ್ತಿ ಭಾರ ನನ್ನ ಕುತ್ತಿಗೆಯ ಮೇಲಿತ್ತು. ಬಾಗಿಲು ತೆರೆದ ಸದ್ದಾಯಿತು.

"ಸುಖವಾಗಿರು ಯವ್ವಾ," ಎಂದು ಅವರು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಅಂದರು. "ಹೊಸಾ ಗಾಡಿ ನೋಡಾಕ ಬಂದೇವಂತ ನಮಸ್ಕಾರ ಮಾಡಾಕತ್ತಾಳ ನೋಡಪಾ," ಎಂದು ಮಗನಿಗೆ ಹೇಳಿದರು. ಯಾರೋ ಫೋಟೋ ತೆಗೆದರು. ಕೌಂಟರಿನವರು ನಕ್ಕು, "ಇಂಥಾ ಮಂದಿ ಈಗ ಎಲ್ಲಿ ಅದಾರ್ರಿ," ಅಂದರು. ನಾನು ನೆಲದ ಮೇಲಿದ್ದ ಚಪ್ಪಲಿಯನ್ನು ಅವರ ಪಾದದ ಮುಂದೆ ಸರಿಸಿದೆ. ಮುಖ ಎತ್ತಿದಾಗ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಸಿಕ್ಕಬಾರದಿತ್ತು. ತಂದೆಯಂಥ ಮನುಷ್ಯ ಮಗುವಿನಂತೆ ಕಣ್ಣು ತಪ್ಪಿಸಿಕೊಂಡರು. ಆ ನಾಚಿಕೆ ಅವರದ್ದೋ ನನ್ನದೋ, ಇಂದಿಗೂ ಬೇರ್ಪಡಿಸಲಾರೆ.

"ಹತ್ತಿ ನೋಡ್ರಿ ಅಪ್ಪಾ," ಅಂದರು ನಮ್ಮನೆಯವರು.

"ಏ, ಇದು ಬ್ಯಾಡ. ನಿಮ್ಮವ್ವ ಸೀರಿ ಉಟಗೊಂಡು ಈ ಅಟ್ಟದ ಮ್ಯಾಲೆ ಹ್ಯಾಂಗ ಹತ್ತತಾಳ? ಎರಡೂ ಕಡೆ ಪೆಟಗಿ ಬ್ಯಾರೆ ಬರತಾವ. ಒಂದ ಕಡೆ ಕಾಲು ಹಾಕಿ ಕೂಡೂ ಹೆಣಮಕ್ಕಳ ವಿಚಾರನ ಮಾಡಿಲ್ಲ ಇವರು."

"ಹೌದ್ರಿ," ಎಂದೆ ನಾನು ತಡಮಾಡದೆ. "ಅತ್ತೆವ್ವಾರಿಗೆ ಆಗೂದಿಲ್ಲ."

ಗಿಡ್ಡ ಗಾಡಿಯನ್ನು ಅವರು ಹೊಸ್ತಿಲು ದಾಟಿದಂತೆ ದಾಟಿದರು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ಇಳಿದೂ ತೋರಿಸಿದರು. ನಮ್ಮನೆಯವರ ಮುಖ ಸಡಿಲವಾಯಿತು. ಹೊರಡುವಾಗ ಎತ್ತರದ ಗಾಡಿಯ ಪಕ್ಕದಲ್ಲಿ ಹಾದು, ಅದರ ಮುಂದಿನ ಗಾಜನ್ನು ಮಾವನವರು ಬೆರಳ ಹಿಂಬದಿಯಿಂದ ಒಮ್ಮೆ ಸವರಿದರು. ಅದನ್ನು ನಾನೊಬ್ಬಳೇ ನೋಡಿದೆ ಅನ್ನಿಸುತ್ತದೆ. ಬೇರೆಯವರು ನೋಡಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಆಮೇಲೆ ಬಹಳ ದಿನ ಅವರು ಅಡುಗೆಮನೆಯ ಕಡೆ ಬರಲಿಲ್ಲ. ಚಹಾ ಬೇಕಾದರೆ ಹೊರಗಿನಿಂದ ಕೆಮ್ಮುವರು. ಕಿಟಕಿಯ ಕಟ್ಟೆಯ ಮೇಲೆ ನಿಂಬೆಹಣ್ಣೂ ಕಾಣಲಿಲ್ಲ. ಮುಟಗಿಯ ದಿನ ಅವರು ನನ್ನ ಮರ್ಯಾದೆಯನ್ನು ಹೇಗೆ ಕಾಯ್ದರೋ ಹಾಗೆಯೇ ನಾನೂ ಕಾಯ್ದೆ ಅಂದುಕೊಂಡಿದ್ದೆ. ಆದರೆ ಅವರು ಕಾಯ್ದಾಗ ನನಗೆ ಹಗುರಾಗಿತ್ತು. ನಾನು ಕಾಯ್ದಾಗ ಅವರು ಕುಗ್ಗಿದರು. ಅವರಿಗೆ ಬಂದ ಕೌಶಲ ನನಗೆ ಬರಲಿಲ್ಲ. ಹೊಸ ಗಾಡಿ ಬಂದು, ಅತ್ತೆಯನ್ನು ಕೂರಿಸಿಕೊಂಡು ಮೊದಲ ಸಲ ಬಾಗೇವಾಡಿಗೆ ಹೋದ ದಿನ, ಅವರು ವಾಪಸು ಬರುವವರೆಗೆ ನಾನು ಒಳಗೂ ಅಂಗಳಕ್ಕೂ ತಿರುಗುತ್ತಲೇ ಇದ್ದೆ. ಗಂಡನ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟದ್ದು ಎಲ್ಲಿ ಬಂದು ನಿಲ್ಲುವುದೋ ಎಂದು ಹೆದರಿಕೆ. ಸಂಜೆ ಗಾಡಿಯ ಗುಡುಗುಡು ಓಣಿಗೆ ಬಂತು. ಮರುದಿನ ಕಟ್ಟೆಯ ಮೇಲೆ ಎಲೆಸಮೇತ ಎರಡು ಹಣ್ಣಿದ್ದವು.

ಅವರು ಗಾಡಿಯಿಂದ ಎಂದೂ ಬೀಳಲಿಲ್ಲ. ಹಿಂದಿನ ಮಳೆಗಾಲದಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲ, ಅಷ್ಟೇ. ಕೊನೆಯ ದಿನಗಳಲ್ಲಿ ಕಾಲು ಬಾತಿದ್ದವು. ದಿನಾ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಿಂದ ಒರೆಸಿ ದಿಂಬಿನ ಮೇಲೆ ಇಡುವುದು ನನ್ನ ಪಾಲಿಗೆ ಬಂತು. ಮುಟ್ಟಬಾರದೆಂಬ ಮಾತನ್ನು ಆಗ ಯಾರೂ ಆಡಲಿಲ್ಲ. ಒಂದು ಬೆಳಿಗ್ಗೆ ಬಲಗಾಲು ಒರೆಸಿ ಮುಗಿಸಿದ್ದೆ. ಕಣ್ಣು ಮುಚ್ಚಿಕೊಂಡೇ, ತುಟಿಯ ಅಂಚಿನಲ್ಲಿ ನಗುತ್ತ ಅಂದರು: "ಇನ್ನೊಂದೂ ಹಿಡಿ ಯವ್ವಾ. ಇಲ್ಲಾಂದ್ರ ಎದುರಮನಿ ಕಾಕು ಮತ್ತ ಅಂದಾಳು." ಷೋರೂಮಿನ ಆ ದಿನದ ಬಗ್ಗೆ ಅವರು ನನ್ನೊಡನೆ ಆಡಿದ್ದು ಅದೊಂದೇ ಮಾತು. ನಾನು ಎಡಗಾಲು ಹಿಡಿದೆ. ಬಹಳ ಹೊತ್ತು ಬಿಡಲಿಲ್ಲ.

ಗಾಡಿ ಈಗ ಹಳೆಯ ಸೀರೆ ಹೊದ್ದು ಪಡಸಾಲೆಯಲ್ಲಿ ನಿಂತಿದೆ. ಧೂಳು ಒರೆಸುವಾಗಲೆಲ್ಲ ನಾಚಿಕೆಯಾಗುತ್ತದೆ. ಅವರು ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ಇಲ್ಲಿ ಬರೆದು ಹೀಗೆ ಎಲ್ಲರ ಮುಂದೆ ಇಡಲೂ ನಾಚಿಕೆ. ಆದರೆ ಮುಟಗಿಯ ಋಣ ಹೇಳಬೇಕೆಂದರೆ ಇದನ್ನೂ ಹೇಳಬೇಕಾಗುತ್ತದೆ.

ಕಾಕು ಅಂದ ಮಾತು ಆ ಷೋರೂಮಿನ ದಿನದ ಸಂಜೆಯದು. ನಾವು ಊರಿಗೆ ಮರಳುವ ಮುಂಚೆಯೇ ಷೋರೂಮಿನವರು ಆ ಫೋಟೋ ತಮ್ಮ ಸ್ಟೇಟಸ್ಸಿಗೆ ಹಾಕಿ, ಅದು ಕೈಯಿಂದ ಕೈಗೆ ಇಂಡಿಗೆ ಬಂದಾಗಿತ್ತು. ನಾನು ದೀಪ ಹಚ್ಚಿ ಹೊರಗೆ ಬಂದೆ. ಮಾವನವರು ಕಟ್ಟೆಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದರು. ಗಿಡ್ಡದ್ದು ಮುದುಕರಿಗಲ್ಲವೇ ಎಂದು ಕಾಕಾ ಕೆಣಕುತ್ತಿದ್ದರು, ಅತ್ತೆ ಒಳಗಿನಿಂದಲೇ, "ನಾ ಯಾವಾಗ ಹತ್ತೂದಿಲ್ಲ ಅಂದಿದ್ದೆ? ನನ್ನ ಹೆಸರು ಯಾಕ ಹೇಳ್ತೀರಿ?" ಅನ್ನುತ್ತಿದ್ದರು. ಮಾವನವರು ರಸ್ತೆ ನೋಡುತ್ತಿದ್ದರು. ಎದುರುಮನೆಯ ಕಾಕು ಕೊತ್ತಂಬರಿ ಸೋಸುತ್ತ, ಮಡಿಲಲ್ಲಿದ್ದ ಮೊಬೈಲನ್ನು ಬೆರಳಿನಿಂದ ಅಗಲಿಸಿ ಫೋಟೋ ದೊಡ್ಡದು ಮಾಡಿ ನೋಡಿದರು.

"ಫೋಟೋ ಭಾಳ ಛಲೋ ಬಂದೈತಿ ತಂಗಿ," ಅಂದರು, ಬೇರು ಮುರಿದು ಬದಿಗೆ ಹಾಕುತ್ತ. "ಆದ್ರ ನಮಸ್ಕಾರ ಮಾಡಿದ್ರ ಎರಡೂ ಪಾದ ಮುಟ್ಟಬೇಕು. ನೀ ಒಂದ ಹಿಡದೀದಿ. ಕಾನ್ವೆಂಟಿನ್ಯಾಗ ಇದನ್ನೆಲ್ಲ ಎಲ್ಲಿ ಕಲಸ್ತಾರ, ಬಿಡು."