ರಕ್ಷಿತಾ ಕೊಡದ ಉತ್ತರ

ಓದು ಬರಹ ಗೊತ್ತಿಲ್ಲದೆ ಮೋಸಹೋದಳು ಎನ್ನುವಂತಿಲ್ಲ. ರಕ್ಷಿತಾ ಧಾರವಾಡದವಳು, ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿದ್ದುಕೊಂಡು ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಗಂಡ ಶರಣು, ಎಂಟು ವರ್ಷದ ಮಗಳು ಸ್ಪಂದನಾ ಲಾಸ್ ಏಂಜಲೀಸ್ ಕಡೆಯ ವಾಲ್‌ನಟ್‌ನಲ್ಲಿ. ಅಲ್ಲಿನ ಶಾಲೆ ಒಳ್ಳೆಯದೆಂದು ಇಬ್ಬರೂ ಕೂಡಿಯೇ ಮಾಡಿಕೊಂಡ ಏರ್ಪಾಡು.

2023ರ ಫೆಬ್ರವರಿಯಲ್ಲಿ ಲ್ಯಾಬಿನ ಬಾಗಿಲಿಗೇ ವಿಚ್ಛೇದನದ ಕಾಗದ ಬಂತು. ಮಗಳು ತನಗೇ ಬೇಕೆಂದು ಶರಣು ಕೇಳಿದ್ದ. ಮೂವತ್ತು ದಿನದೊಳಗೆ ಉತ್ತರ ಸಲ್ಲಿಸಬೇಕೆಂದು ಮೊದಲ ಪುಟದಲ್ಲೇ ಇತ್ತು. ಅದನ್ನು ಓದಿಯೂ ಈ ಪುಣ್ಯಾತ್ಗಿತ್ತಿ ವಕೀಲರನ್ನು ಬಿಟ್ಟು ಲಾಸ್ ಏಂಜಲೀಸ್ ಕಡೆಯದೇ ಊರಾದ ಆರ್ಟೀಸಿಯಾದ ವೀರಣ್ಣನವರಿಗೆ ಫೋನ್ ಮಾಡಿದಳು. ಮುಂದೆ ನಿಂತು ಮದುವೆ ಮಾಡಿಸಿದ ಹಿರಿಯರು ಅವರೇ.

“ಕೋರ್ಟಿಗೆ ಏನೂ ಹಾಕಬ್ಯಾಡವಾ. ನೀ ಉತ್ತರ ಕೊಟ್ಟಿ ಅಂದ್ರ ಜಗಳಾ ಬೆಳೀತದ. ಯುಗಾದಿ ಮುಗೀಲಿ, ಇಬ್ಬರನೂ ಕೂಡಿಸಿ ಮಾತಾಡ್ತೀನಿ,” ಎಂದರು ವೀರಣ್ಣ.

ಯುಗಾದಿ ಮುಗಿದ ಮೇಲಿನ ಭಾನುವಾರ ಗಂಡ ಹೆಂಡತಿ ಅವರ ಮನೆಯಲ್ಲಿ ಕೂತರು. ಶರಣು ಹೋಳಿಗೆ ತಿಂದ, “ನೀವು ಹೇಳಿದಂಗ ಆಗ್ಲಿ ಕಾಕಾ” ಎಂದ. ಹಾಗನ್ನಲು ಬಾಯಾದರೂ ಹೇಗೆ ಬಂತೋ. ಎರಡು ದಿನ ಮೊದಲೇ, ಗಡುವು ಮುಗಿದ ಮರುದಿನವೇ, ಹೆಂಡತಿ ಉತ್ತರ ಕೊಟ್ಟಿಲ್ಲ, ಅವಳನ್ನು ಬಿಟ್ಟು ತೀರ್ಮಾನಿಸಿ ಎಂದು ಅವನ ವಕೀಲರು ಅರ್ಜಿ ಹಾಕಿಯಾಗಿತ್ತು. ಬೇಸಿಗೆಯಲ್ಲಿ ತೀರ್ಪು ಬಂತು. ಮಗಳು ತಂದೆಯ ಬಳಿ. ತಾಯಿಗೆ ಹದಿನೈದು ದಿನಕ್ಕೊಂದು ಶನಿವಾರ, ನಾಲ್ಕು ಗಂಟೆ.

ಆಗ ಓಡಿದಳು ವಕೀಲೆ ಇಂದಿರಾ ಬಳಿಗೆ.

“ತೀರ್ಪು ರದ್ದು ಮಾಡಿ ಅಂತ ಕೇಳಬಹುದು. ಆದ್ರೆ ಉತ್ತರ ಕೊಡಬೇಡ ಅಂತ ನಾನೇ ಹೇಳಿದ್ದೆ ಅಂತ ಆ ಅಂಕಲ್ ಬರೆದು ಸೈನ್ ಮಾಡ್ಬೇಕು,” ಎಂದರು ಇಂದಿರಾ.

ರಕ್ಷಿತಾ ಹಾಗೆ ಬರೆಸಿದ ಕಾಗದ ಹಿಡಿದು ಹೋಗಿ ವೀರಣ್ಣನವರ ಕಾಲು ಮುಟ್ಟಿದಳು. ಅವರು ಕಾಗದವನ್ನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟರು.

“ಇಬ್ಬರೂ ನಮ್ಮವರೇ ಅಲ್ಲವಾ. ಒಬ್ಬರ ಕಡೆ ಹ್ಯಾಂಗ ನಿಲ್ಲಲಿ?”

ಅವಳು ಸಹಿಯಿಲ್ಲದ ಕಾಗದವನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಹೊರಡುವಾಗ ಅವರ ಹೆಂಡತಿ ಕೊಟ್ಟ ಚಕ್ಕುಲಿಯ ಡಬ್ಬಿಯನ್ನೂ ತೆಗೆದುಕೊಂಡಳು.

ಮುಂದಿನ ಶನಿವಾರ ಎರಡು ಗಂಟೆ ಡ್ರೈವ್ ಮಾಡಿ ವಾಲ್‌ನಟ್‌ಗೆ ಹೋದಳು. ಸ್ಪಂದನಾ ಕಾರು ಹತ್ತಿ, ಸೀಟ್‌ಬೆಲ್ಟ್ ಹಾಕಿಕೊಂಡು, ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು.

“ನಾನು ಬೇಕಾ ಅಂತ ಜಡ್ಜ್ ನಿನ್ನ ಕೇಳಿದ್ರಂತೆ. ನೀನು ಉತ್ತರಾನೇ ಕೊಡಲಿಲ್ಲ ಅಂತ ಡ್ಯಾಡ್ ಹೇಳಿದ್ರು. ನಿಜಾನಾ?”

ಅದು ನಿಜವಾಗಿತ್ತು.